ಹೆಸರೂ ಕೇಳ್ದೆ ಬಿಟ್ಟ ಆ ಯಜಮಾನ್ರಿಗೆ

ಅವ್ರಿಗೆ ಕನ್ನಡ ಬರಲ್ಲ ಅಂತ ಗೊತ್ತು, ಆದ್ರೂ ಇಲ್ಲೇ ಬರೀತೀನಿ, ಬೇರೆಲ್ಲಿ ಬರೆದ್ರೂ ನಂಗೆ ಸಮಾಧಾನ ಆಗಲ್ಲ.

ನಾವಿರೋದು ಅಮೆರಿಕದ ಒಹಾಯೋದಲ್ಲಿ. ಮನೆ ತಗೊಂಡಾಗ ಮುಕ್ಕಾಲು ಎಕರೆ ಹುಲ್ಲೂ ಬಂತು, ಹಳೇ ಓನರ್ ಬಿಟ್ಟುಹೋದ 1998ರ ರೈಡಿಂಗ್ ಮೋವರೂ (ಮೇಲೆ ಕೂತು ಓಡಿಸೋ ಹುಲ್ಲು ಕತ್ತರಿಸೋ ಮೆಷಿನ್) ಬಂತು. ಮೇ ತಿಂಗಳ ಮಳೆಗೆ ಹುಲ್ಲು ಎದ್ದು ನಿಂತಾಗ್ಲೇ ಇದು ಕೈ ಕೊಡ್ತು, ಕೀ ತಿರುಗಿಸಿದ್ರೆ ಬರೀ ಟಕ್ ಅನ್ನುತ್ತೆ, ಬ್ಲೇಡ್ ಬೆಲ್ಟ್ ಬೇರೆ ಹರಿದಿತ್ತು. ಸೀಟ್ ಕೆಳಗಿನ ನಂಬರ್ ಬರ್ಕೊಂಡು ಅಂಗಡಿ ಅಂಗಡಿ ಅಲೆದೆ, ಎಲ್ರದ್ದೂ ಒಂದೇ ಮಾತು, ಹೊಸದು ತಗೊಳ್ಳಿ.

ಕೊನೇ ಅಂಗಡೀಲಿ ನನ್ ಹಿಂದೆ ಲೈನಲ್ಲಿ ನಿಂತಿದ್ದ ಯಜಮಾನ್ರು, ಎಪ್ಪತ್ತು ದಾಟಿರ್ಬೇಕು, ಹರಿದ ಬೆಲ್ಟ್ ನನ್ ಕೈಯಿಂದ ಇಸ್ಕೊಂಡು ಅಗಲ, ಉದ್ದ ಅಳೆದು, ಕಾರಿನ ಬೆಲ್ಟ್ ಹಾಕ್ಬೇಡ, ಒಳಗೆ ಕೆವ್ಲಾರ್ ಅನ್ನೋ ಗಟ್ಟಿ ನಾರಿನ ದಾರ ಇರೋದೇ ಕೇಳು ಅಂದ್ರು. ಇಂಜಿನ್ ಕಂಪನಿ ಬೇರೆ, ಅದರ ನಂಬರೂ ಬೇರೆ, ಇಂಜಿನ್ ಮೇಲೇ ಕೊರೆದಿರುತ್ತೆ ಅಂತಾನೂ ಹೇಳಿಕೊಟ್ರು.

ಶನಿವಾರ ಮನೆಗೇ ಬಂದ್ರು! ನಾನು ಸೊಲೆನಾಯ್ಡ್ (ಕೀ ತಿರುಗಿಸಿದಾಗ ಸ್ಟಾರ್ಟರಿಗೆ ಕರೆಂಟ್ ಬಿಡೋ ಸ್ವಿಚ್) ಹೋಗಿದೆ ಅಂತ ಆರ್ಡರ್ ಮಾಡೋಕೆ ರೆಡಿ ಇದ್ದೆ, ಇವ್ರು ಮೀಟರ್ ಇಟ್ಟು ನೋಡಿ, ಬ್ಯಾಟರಿಯ ಗ್ರೌಂಡ್ ವೈರ್ (ನೆಗೆಟಿವ್ ವೈರ್) ಫ್ರೇಮಿಗೆ ಸೇರೋ ಬೋಲ್ಟ್ ಬಿಚ್ಚಿದ್ರೆ ಅಡೀಲಿ ಬರೀ ತುಕ್ಕು. ಉಪ್ಪುಕಾಗದದಲ್ಲಿ ಎರಡು ನಿಮಿಷ ಉಜ್ಜಿದ್ರು, ಸ್ಟಾರ್ಟ್ ಆಗೇಬಿಡ್ತು.

ದುಡ್ಡು ಮುಟ್ಲಿಲ್ಲ. ನಮ್ಮನೆಯವ್ಳು ಕೊಟ್ಟ ಮೈಸೂರ್ ಪಾಕ್ ಮಾತ್ರ ಮೂರು ತಿಂದ್ರು. ತುಂಬಾ ಥ್ಯಾಂಕ್ಸ್ ಸಾರ್, ನಿಮ್ ಸ್ಪ್ಯಾನರ್ ಒಂದು ನಮ್ ಗರಾಜಲ್ಲೇ ಉಳಿದಿದೆ.