ರಾಖಿಗಢಿಯ ಹೆಂಗಸು ಮತ್ತು ನಮ್ಮನೆ ತುಪ್ಪ

ಸಂಪಾದಕರಿಗೆ ನಮಸ್ಕಾರ.

ಆರ್ಯರು ಹೊರಗಿನಿಂದ ಬಂದರು ಅನ್ನೋದು ಬರೀ ಕಟ್ಟುಕತೆ, ರಾಖಿಗಢಿಯ ಡಿಎನ್‌ಎ ಅದನ್ನು ತೋರಿಸಿಕೊಟ್ಟಿದೆ ಅಂತ ನಿಮ್ಮ ಪುರವಣಿಯ ಲೇಖನದಲ್ಲಿ ಓದಿದೆ. ನಾನು ಗದಗಿನವನು, ಪುಣೆಗೆ ಬಂದು ಮೂವತ್ತು ವರ್ಷ ಆಯಿತು. ಇತಿಹಾಸ ನನ್ನ ಕಸುಬಲ್ಲ. ಆದರೆ ರಾಖಿಗಢಿ ಅನ್ನೋ, ಸಿಂಧೂ ನಾಗರಿಕತೆಯ ಕಾಲದ ಹರಿಯಾಣದ ಆ ಊರಲ್ಲಿ ನೆಲ ಅಗೆದದ್ದು ನಮ್ಮ ಪುಣೆಯ ಡೆಕ್ಕನ್ ಕಾಲೇಜಿನ ವಸಂತ್ ಶಿಂದೆ ಅವರ ತಂಡ, ಹಾಗಾಗಿ ಆಗಿನಿಂದಲೂ ಸ್ವಲ್ಪ ಕುತೂಹಲ ಜಾಸ್ತಿ.

ಅಲ್ಲಿನ ಅರವತ್ತಕ್ಕೂ ಹೆಚ್ಚು ಮೂಳೆ ಮಾದರಿಗಳನ್ನು ಪರೀಕ್ಷಿಸಿದರೂ ಓದುವಷ್ಟು ಡಿಎನ್‌ಎ ಸಿಕ್ಕಿದ್ದು ಒಬ್ಬಳೇ ಹೆಂಗಸಿನದು. ಸುಮಾರು 4,500 ವರ್ಷದ ಹಿಂದಿನವಳು. ಆರ್ಯ ಭಾಷೆ ತಂದವರು ಅಂತ ವಲಸೆ ವಾದದವರು ಹೇಳುವ, ಮಧ್ಯ ಏಷ್ಯಾದ ಹುಲ್ಲುಗಾವಲಿನ ಪಶುಪಾಲಕರ ಅಂಶ ಅವಳಲ್ಲಿ ಇರಲಿಲ್ಲ, ನಿಜ. ಲೇಖಕರು ಇಲ್ಲಿಗೇ ನಿಲ್ಲಿಸಿಬಿಟ್ಟಿದ್ದಾರೆ. 2019ರ ಸೆಪ್ಟೆಂಬರ್‌ನಲ್ಲಿ ಈ ವರದಿಯ ಜೊತೆಗೇ ಇನ್ನೊಂದೂ ಬಂತು, 523 ಪ್ರಾಚೀನ ಜನರ ಡಿಎನ್‌ಎ ಓದಿದ್ದು, ಎರಡರಲ್ಲೂ ಕೆಲವರು ಅದೇ ವಿಜ್ಞಾನಿಗಳು. ಆ ಪಶುಪಾಲಕರ ಅಂಶ ಇಲ್ಲಿಗೆ ಬಂದದ್ದು ಕ್ರಿ.ಪೂ. 2000ರಿಂದ 1500ರ ನಡುವೆ ಅಂತ ಅದು ಹೇಳುತ್ತದೆ. ಅಷ್ಟು ಹೊತ್ತಿಗೆ ನಮ್ಮ ರಾಖಿಗಢಿಯ ಅಮ್ಮ ಮಣ್ಣಾಗಿ ನೂರಾರು ವರ್ಷ ಆಗಿತ್ತು. ಮಧ್ಯಾಹ್ನ ತೆಗೆದ ಮದುವೆ ಫೋಟೋದಲ್ಲಿ ಕಾಣಲಿಲ್ಲ ಅಂತ, ರಾತ್ರಿ ಊಟಕ್ಕೆ ಬಂದ ನೆಂಟರು ಬರಲೇ ಇಲ್ಲ ಅನ್ನೋಕಾಗುತ್ತಾ?

ಆರ್ಯರು ಕುದುರೆ ಏರಿ ಬಂದು ಮೊಹೆಂಜೊದಾರೊ ಹಾಳುಮಾಡಿದರು ಅನ್ನೋ ಹಳೇ ಕತೆಯನ್ನು ಈಗ ವಿದ್ವಾಂಸರು ಒಪ್ಪುವುದಿಲ್ಲ. ಅಷ್ಟರ ಮಟ್ಟಿಗೆ ಲೇಖಕರ ಮಾತು ಸರಿ. ಆದರೆ ದಾಳಿ ಬೇರೆ, ವಲಸೆ ಬೇರೆ ಅಲ್ವಾ?

ಇನ್ನು ಭಾಷೆ. ಸುಮಾರು 3,400 ವರ್ಷ ಹಿಂದೆ ಇಂದಿನ ಸಿರಿಯಾ ಕಡೆಯ ಮಿತನ್ನಿ ನಾಡಿನ ಕಿಕ್ಕುಲಿ ಅನ್ನೋ ಕುದುರೆ ಪಳಗಿಸುವವನು ಹೇಳಿದ ಪಾಠ ಇಂದಿನ ಟರ್ಕಿಯಲ್ಲಿ ಸಿಕ್ಕ ಮಣ್ಣಿನ ಹಲಗೆಗಳಲ್ಲಿದೆ. ಕುದುರೆಗೆ ಎಷ್ಟು ಸುತ್ತು ಹಾಕಿಸಬೇಕು ಅಂತ ಅವನು ಐಕ, ತೇರ, ಪಂಜ, ಸತ್ತ, ನ ಅಂತ, ಹೆಚ್ಚುಕಡಿಮೆ ಸಂಸ್ಕೃತದ ಏಕ, ತ್ರಿ, ಪಂಚ, ಸಪ್ತ, ನವದ ಹಾಗೇ ಎಣಿಸುತ್ತಾನೆ. ಪುಣೆಯ ಮಂಡಯಿ ಮಾರುಕಟ್ಟೆಯಲ್ಲಿ ತೆಂಗಿನಕಾಯಿ ಎಣಿಸುವವನು ಏಕ್, ತೀನ್, ಪಾಚ್ ಅನ್ನುವಾಗ ನನಗೆ ಈಗ ಆ ಕುದುರೆ ನೆನಪಾಗುತ್ತದೆ. ಈ ಭಾಷೆಯವರು ಇಲ್ಲಿಂದಲೇ ಹೊರಗೆ ಹೋಗಿರಬಹುದಲ್ಲ ಅಂತ ಕೇಳುವವರಿದ್ದಾರೆ. ಹಾಗಿದ್ದರೆ ಆ ಹುಲ್ಲುಗಾವಲಿನ ಹಳೇ ಗೋರಿಗಳಲ್ಲಿ ಸಿಂಧೂ ಕಣಿವೆಯವರ ಗುರುತು ಕಾಣಬೇಕಿತ್ತು, ಕಂಡಿಲ್ಲ.

ಬಂದವರು ಬಂದ ಹಾಗೇ ಉಳಿಯಲಿಲ್ಲ. ಮರಾಠಿ ಆರ್ಯ ಭಾಷೆಯೇ. ಆದರೆ ಹಿಂದಿಯವರು ಘೀ ಅನ್ನುವುದಕ್ಕೆ ಪಕ್ಕದ ಮನೆ ಕಾಕೂ, ಅಂದರೆ ಚಿಕ್ಕಮ್ಮ, ತೂಪ್ ಅನ್ನುತ್ತಾರೆ. ಅದು ನಮ್ಮ ಕನ್ನಡದ ತುಪ್ಪ ಕಾಕೂ ಅಂತ ನಾನು ಅಂದಾಗ ಅವರು ನಕ್ಕರು. ಅಡಿಕೆ ಕತ್ತರಿಸುವ ಅಡಕಿತ್ತಾ ತಂದು ತೋರಿಸಿ, ಇದೂ ನಿಮ್ಮದೇನಾ ಅಂತ ಕೇಳಿದರು. ಅಡಕತ್ತರಿ! ಇಂಥ ಊರಲ್ಲಿದ್ದುಕೊಂಡು ಯಾರೂ ಎಲ್ಲಿಂದಲೂ ಬರಲಿಲ್ಲ ಅಂತ ನಾನು ಹೇಗೆ ಒಪ್ಪಲಿ?

ಆ ಎರಡನೇ ವರದಿಯ ಬಗ್ಗೆಯೂ ಒಂದು ಲೇಖನ ಹಾಕಿ, ಅದೇ ಪುಟದಲ್ಲಿ, ಅಷ್ಟೇ ದೊಡ್ಡದಾಗಿ.

ನಿಮ್ಮ ಓದುಗ
ಕೋಥ್ರೂಡ್, ಪುಣೆ