ಜಲಪಾತಗಳ ಜನದಟ್ಟಣೆ: ಅಂದಾಜು ಬೇಡ, ಗಂಟೆವಾರು ಲೆಕ್ಕ ಬೇಕು

ಮಾನ್ಯ ಸಂಪಾದಕರೇ,

ಘಟಪ್ರಭೆ ತುಂಬಿ ಹರಿದಾಗ ಗೋಕಾಕ ಫಾಲ್ಸ್‌ನಲ್ಲಿ, ಮಾರ್ಕಂಡೇಯ ನದಿಯ ಗೊಡಚಿನಮಲ್ಕಿಯಲ್ಲಿ ಜನ ಕಿಕ್ಕಿರಿಯುತ್ತಾರೆ. ಆದರೆ ಈ ಬಂಡೆಗಳು, ನದಿದಂಡೆಗಳು ಎಷ್ಟು ಜನರನ್ನು ತಾಳಿಕೊಳ್ಳಬಲ್ಲವು ಎಂಬ ಚರ್ಚೆ ಇಂದಿಗೂ ಅಂದಾಜಿನ ಮೇಲೆಯೇ ನಡೆದಿದೆ.

ವರ್ಷದ ಒಟ್ಟು ಸಂಖ್ಯೆ ಇಲ್ಲಿ ಉಪಯೋಗಕ್ಕೆ ಬಾರದು. ಸುಮಾರು 52 ಮೀಟರ್ ಎತ್ತರದಿಂದ ಧುಮ್ಮಿಕ್ಕುವ ಗೋಕಾಕ ಜಲಪಾತ ಬೇಸಿಗೆಯಲ್ಲಿ ಬರಿಯ ಬಂಡೆಯಾಗಿ ಕಾಣುತ್ತದೆ. ಒತ್ತಡವೆಲ್ಲ ಮಳೆಗಾಲದ ಕೆಲವು ರವಿವಾರಗಳ ಕೆಲವೇ ಗಂಟೆಗಳಲ್ಲಿ ಬೀಳುತ್ತದೆ. ಅದನ್ನು ಹನ್ನೆರಡು ತಿಂಗಳಿಗೆ ಹಂಚಿದರೆ ಸಮಸ್ಯೆಯೇ ಇಲ್ಲವೆಂಬ ಉತ್ತರ ಬರುತ್ತದೆ. ಯಾವ ಹೊತ್ತಿನಲ್ಲಿ ಎಷ್ಟು ಮೊಬೈಲ್‌ಗಳು ಒಂದು ಟವರ್‌ನ ಸಂಪರ್ಕದಲ್ಲಿದ್ದವು ಎಂಬ, ಹೆಸರು, ನಂಬರುಗಳನ್ನು ತೆಗೆದುಹಾಕಿದ ಟವರ್ ದತ್ತಾಂಶ ಈ ಗಂಟೆವಾರು ಏರಿಳಿತವನ್ನು ತೋರಿಸಬಲ್ಲದು. ಫಾಲ್ಸ್‌ನ ಪಕ್ಕದಲ್ಲೇ ಗಿರಣಿಯೂ ವಸತಿಯೂ ಇರುವುದರಿಂದ, ರಾತ್ರಿಯೂ ಅಲ್ಲಿಯೇ ಉಳಿಯುವ ಮೊಬೈಲ್‌ಗಳನ್ನು ನಿವಾಸಿಗಳದೆಂದು ಬೇರ್ಪಡಿಸಿ, ರಸ್ತೆಯಲ್ಲಿ ಹಾದುಹೋಗುವವರನ್ನೂ ಬಿಟ್ಟು, ಉಳಿದವರನ್ನಷ್ಟೇ ಪ್ರವಾಸಿಗರೆಂದು ಎಣಿಸಬೇಕಾಗುತ್ತದೆ.

ಜಾಲತಾಣಗಳಲ್ಲಿ ಹಂಚಿಕೊಂಡ ಫೋಟೊಗಳಿಂದಲೂ ಪ್ರವಾಸಿಗರ ಪ್ರಮಾಣ ಅಳೆಯಬಹುದೆಂದು, ಫ್ಲಿಕರ್ ಎಂಬ ಫೋಟೊ ಜಾಲತಾಣದ ಚಿತ್ರಗಳನ್ನು ಜಗತ್ತಿನ 836 ತಾಣಗಳ ನಿಜವಾದ ಭೇಟಿಗಳೊಂದಿಗೆ ಹೋಲಿಸಿ 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ನಮ್ಮಲ್ಲಿ ಅದನ್ನೊಂದೇ ನೆಚ್ಚಿಕೊಳ್ಳುವುದು ಸರಿಯಲ್ಲವೆಂದು ನನಗನಿಸುತ್ತದೆ. ಬುತ್ತಿ ಕಟ್ಟಿಕೊಂಡು ಟ್ರ್ಯಾಕ್ಟರ್, ಟಂಟಂಗಳಲ್ಲಿ ಬರುವ ಹಳ್ಳಿಯ ಕುಟುಂಬಗಳು ಆ ಲೆಕ್ಕದಲ್ಲಿ ಸಿಗುವುದೇ ಇಲ್ಲ. ನಾಳೆ ನಿರ್ಬಂಧ ಹೇರಿದರೆ ಅದರ ಬಿಸಿ ಮೊದಲು ತಟ್ಟುವುದು ಅವರಿಗೇ.

ಖಾನಾಪುರ ತಾಲ್ಲೂಕಿನ ಭೀಮಗಡ ವನ್ಯಜೀವಿಧಾಮದ ಮಾತೇ ಬೇರೆ. ಸಿಗ್ನಲ್ ಸರಿಯಾಗಿ ಸಿಗದ ಆ ಕಾಡಿನಲ್ಲಿ ಟವರ್ ದಾಖಲೆಯಲ್ಲಿ ಕಾಣದವರು ಬಂದೇ ಇಲ್ಲವೆಂದು ಹೇಳಲಾಗದು. ಅಲ್ಲಿನ ಬಾರಾಪೆಡೆ ಗುಹೆಗಳಲ್ಲಿ ಅಪರೂಪದ ರಾಟನ್ ಬಾವಲಿಗಳಿವೆ. ಗುಹೆಯೊಳಗೆ ನಾಲ್ಕು ಜನ ಟಾರ್ಚ್ ಹಿಡಿದು ನುಗ್ಗಿದರೂ ಅವುಗಳಿಗೆ ಅದು ಅತಿಯೇ. ಅಲ್ಲಿ ಅಳೆಯಬೇಕಾದದ್ದು ಜನಸಂಖ್ಯೆಯನ್ನಲ್ಲ, ಬಾವಲಿಗಳ ನೆಲೆ ಕುಗ್ಗುತ್ತಿದೆಯೇ ಎಂಬುದನ್ನು. ಆ ಕೆಲಸ ಅರಣ್ಯ ಸಿಬ್ಬಂದಿ ಮತ್ತು ಸ್ಥಳೀಯರ ಕಣ್ಣಿನಿಂದಲೇ ಆಗಬೇಕು.

2024ರ ಜನವರಿಯಲ್ಲಿ ಕುಮಾರ ಪರ್ವತದ ಜನಜಂಗುಳಿಯ ಚಿತ್ರಗಳು ಹರಿದಾಡಿದ ಮೇಲಷ್ಟೇ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳಿಗೆ ಸರ್ಕಾರ ತಡೆಯೊಡ್ಡಿತು. ನಮ್ಮ ಜಿಲ್ಲೆಯಲ್ಲಿ ಅಷ್ಟರವರೆಗೆ ಕಾಯುವುದು ಬೇಡ. ಜಿಲ್ಲಾಡಳಿತ ಮತ್ತು ಪ್ರವಾಸೋದ್ಯಮ ಇಲಾಖೆ ಬರುವ ಮಳೆಗಾಲದಲ್ಲಿ ಎರಡೂ ಜಲಪಾತಗಳ ಟವರ್ ಎಣಿಕೆಯನ್ನು ಪಡೆದು, ವಾಹನ ನಿಲುಗಡೆಯಲ್ಲಿ ಕೈಯಿಂದ ಎಣಿಸಿದ ಲೆಕ್ಕದೊಂದಿಗೆ ತಾಳೆ ನೋಡಿ, ಆ ಅಂಕಿಗಳನ್ನು ಸಾರ್ವಜನಿಕರ ಮುಂದಿಡಬೇಕೆಂದು ವಿನಂತಿಸುತ್ತೇನೆ.

– ಓರ್ವ ನಿವೃತ್ತ ಶಿಕ್ಷಕ, ಗೋಕಾಕ, ಬೆಳಗಾವಿ ಜಿಲ್ಲೆ