ಖುಲಾಸೆಯಾದ ಮೂರನೇ ಆರೋಪಿಯ ಮಾತು

ಮಾನ್ಯರೇ,

ಪುರುಷರ ಹಕ್ಕುಗಳ ಪರವಾಗಿ ಹೋರಾಡುವವರ ಸಭೆಯೊಂದಕ್ಕೆ ಈಚೆಗೆ ಹೋಗಿದ್ದೆ. ಹೋಗಲು ನನಗೆ ಅರ್ಹತೆ ಇತ್ತು. 2016ರಲ್ಲಿ ನನ್ನ ತಮ್ಮನ ಹೆಂಡತಿ ಗಂಡ ಮತ್ತು ಅವನ ಮನೆಯವರ ಕ್ರೌರ್ಯಕ್ಕೆ ಶಿಕ್ಷೆ ಹೇಳುವ ಭಾರತೀಯ ದಂಡ ಸಂಹಿತೆಯ 498ಎ ಕಲಮಿನಡಿ ಕೊಟ್ಟ ದೂರಿನಲ್ಲಿ ತಮ್ಮ ಒಂದನೇ ಆರೋಪಿ, ನಮ್ಮ ತಾಯಿ ಎರಡನೆಯವರು, ನಾನು ಮೂರನೆಯವನು. ಯುಗಾದಿಗೊಮ್ಮೆ, ಗೌರಿ ಹಬ್ಬಕ್ಕೊಮ್ಮೆ ಆ ಮನೆಗೆ ಹೋಗಿ ಬರುತ್ತಿದ್ದವನು ನಾನು. ಐದು ವರ್ಷ ಮುದ್ದತ್ತುಗಳಿಗೆ ಅಲೆದು ಕೊನೆಗೆ ಮೂವರೂ ಖುಲಾಸೆಯಾದೆವು.

ಸಭೆಯಲ್ಲಿ ಭಾಷಣಕಾರರೊಬ್ಬರು, ಈ ಕಲಮಿನಲ್ಲಿ ಶಿಕ್ಷೆಯಾಗುವುದು ಬೆರಳೆಣಿಕೆಯಷ್ಟು ಮಂದಿಗೆ, ಉಳಿದವೆಲ್ಲ ಸುಳ್ಳು ಕೇಸುಗಳು ಎಂದರು. ಚಪ್ಪಾಳೆ ಬಿತ್ತು. ನನ್ನ ಕೈ ಏಳಲಿಲ್ಲ. ನಮ್ಮ ಖುಲಾಸೆ ಹೇಗಾಯಿತೆಂದು ನನಗೆ ಗೊತ್ತಿದೆಯಲ್ಲ!

ಎರಡೂ ಕಡೆಯ ಹಿರಿಯರು ಕೂತು ಮಾತಾಡಿ, ಶಾಶ್ವತ ಜೀವನಾಂಶದ ಮೊತ್ತ ಗೊತ್ತು ಮಾಡಿ, ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಅರ್ಜಿ ಹಾಕಿಸಿದರು. ಆದರೆ 498ಎ ಪ್ರಕರಣವನ್ನು ವಿಚಾರಣಾ ನ್ಯಾಯಾಲಯದಲ್ಲಿ ರಾಜಿ ಮಾಡಿಕೊಳ್ಳಲು ಕಾನೂನಿನಲ್ಲಿ ದಾರಿಯಿಲ್ಲ. ಹೈಕೋರ್ಟಿಗೆ ಹೋಗಿ ರದ್ದು ಮಾಡಿಸಬೇಕು, ಅದಕ್ಕೆ ಮತ್ತೆ ಖರ್ಚು. ವಕೀಲರು ಹತ್ತಿರದ ದಾರಿ ತೋರಿಸಿದರು. ತಮ್ಮನ ಹೆಂಡತಿ ಕಟಕಟೆಗೆ ಬಂದು ‘ನನಗೇನೂ ನೆನಪಿಲ್ಲ’ ಎಂದಳು. ಯಾರದಾದರೂ ಒತ್ತಡ ಇದೆಯೇ ಎಂದು ನ್ಯಾಯಾಧೀಶರು ಕೇಳಿದಾಗ, ಗೋಡೆಯ ಗಡಿಯಾರ ನೋಡುತ್ತ ‘ಇಲ್ಲ ಸ್ವಾಮಿ’ ಎಂದಳು. ಪ್ರತಿಕೂಲ ಸಾಕ್ಷಿ, ಸಾಕ್ಷ್ಯಾಧಾರಗಳ ಕೊರತೆ, ಖುಲಾಸೆ. ಎಲ್ಲ ಸೇರಿ ಹತ್ತು ನಿಮಿಷ. ಸಭೆಯವರ ಲೆಕ್ಕದಲ್ಲಿ ನಮ್ಮದೂ ಒಂದು ಸುಳ್ಳು ಕೇಸು.

ಸುಳ್ಳು ಇತ್ತು, ಇಲ್ಲವೆನ್ನುವುದಿಲ್ಲ. ವರದಕ್ಷಿಣೆಯ ಮಾತು ನಮ್ಮ ಮನೆಯಲ್ಲಿ ಬಂದೇ ಇರಲಿಲ್ಲ. ದೂರು ಬರೆದುಕೊಟ್ಟವರ ಲೇಖನಿ ಅದನ್ನು ಸೇರಿಸಿತ್ತು, ಬಂಗಾರದ ತೂಕದ ಸಮೇತ. ಆದರೆ ತಮ್ಮ ಆಕೆಗೆ ಹೊಡೆದದ್ದು ನಿಜ. ಗೌರಿ ಹಬ್ಬದ ದಿನ, ಎಲೆಯ ಮುಂದೆ ಕೂತವನು ಸಾರು ಆರಿದೆಯೆಂದು ಎದ್ದು ಹೋಗಿ ಹೊಡೆದ. ನಾನು ‘ಬಿಡೋ, ಹಬ್ಬದ ದಿನ’ ಎಂದು ಊಟ ಮುಂದುವರಿಸಿದೆ. ವಿಚಿತ್ರವೆಂದರೆ ನಾನು ಕಣ್ಣಾರೆ ಕಂಡ ಆ ಏಟು ದೂರಿನಲ್ಲಿ ಎಲ್ಲಿಯೂ ಇರಲಿಲ್ಲ.

ಇನ್ನೂ ಹಿಂದಿನದೊಂದು. 1991ರಲ್ಲಿ ನಮ್ಮ ಅಕ್ಕ ಸಂಜೆ ಬಸ್ಸಿಗೆ ಒಬ್ಬಳೇ ತವರಿಗೆ ಬಂದಳು, ಎಡಗಣ್ಣು ಊದಿತ್ತು. ಅಮ್ಮ ಅರಿಸಿನ ಹಚ್ಚಿ, ಎರಡು ದಿನ ಇಟ್ಟುಕೊಂಡು, ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎಂದು ಮೂರನೆಯ ದಿನ ವಾಪಸ್ ಕಳಿಸಿದಳು. 498ಎ ಬಂದದ್ದು 1983ರಲ್ಲಿ. ಆಗಲೇ ಎಂಟು ವರ್ಷವಾಗಿದ್ದರೂ ನಮ್ಮ ಮನೆಗೆ ಅದರ ಸುದ್ದಿ ಮುಟ್ಟಿರಲಿಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತೆಯರಲ್ಲಿ ನೂರಕ್ಕೆ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದವರು. ಅವರಲ್ಲಿ ಠಾಣೆಯ ಮೆಟ್ಟಿಲು ಹತ್ತಿದವರೆಷ್ಟು? ನಮ್ಮಕ್ಕನಂತೂ ಹತ್ತಲಿಲ್ಲ.

ಹಾಗೆಂದು ಗಂಡಸರ ಅಳಲು ಬರೀ ನಾಟಕವೆಂದು ನಗುವವರ ಜೊತೆ ನಾನಿಲ್ಲ. 2024ರ ಡಿಸೆಂಬರಿನಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿಯೊಬ್ಬರು, ಹೆಂಡತಿ ಮತ್ತು ಆಕೆಯ ಮನೆಯವರು ಕೇಸು ಹಾಕಿ ಕಿರುಕುಳ ಕೊಟ್ಟರೆಂದು ಬರೆದಿಟ್ಟು ಜೀವ ಕಳೆದುಕೊಂಡಾಗ ನನ್ನ ತಮ್ಮ ಎರಡು ದಿನ ಅನ್ನ ಮುಟ್ಟಲಿಲ್ಲ. ದೂರು ಬಂದೊಡನೆ ಬಂಧಿಸಬಾರದೆಂದು 2014ರಲ್ಲೇ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು, ನಿಜ. ಅಮ್ಮನನ್ನು ಬಂಧಿಸಲಿಲ್ಲ. ಆದರೆ ಅರವತ್ತೆಂಟರ ಆಕೆ ಬೆಳಿಗ್ಗೆಯಿಂದ ದೀಪ ಹಚ್ಚುವ ಹೊತ್ತಿನವರೆಗೆ ಠಾಣೆಯ ಬೆಂಚಿನ ಮೇಲೆ ಕೂತಿದ್ದಳು. ತಮ್ಮನಿಗೆ ಮಗಳನ್ನು ನೋಡಲು ಕೊಟ್ಟದ್ದು ಶನಿವಾರ ಎರಡು ಗಂಟೆ, ನ್ಯಾಯಾಲಯದ ಮಕ್ಕಳ ಕೋಣೆಯಲ್ಲಿ. ಎಷ್ಟೋ ಶನಿವಾರ ಮಗುವಿಗೆ ಜ್ವರ ಎಂದು ವಕೀಲರಿಂದ ಹೇಳಿಕಳಿಸುತ್ತಿದ್ದರು. ತಂದ ಆಟಿಕೆಯನ್ನು ತಮ್ಮ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ವಾಪಸ್ ಬರುತ್ತಿದ್ದ. ಒಂದು ಸಲ ಆ ಮಗು ಅವನನ್ನು ‘ಅಂಕಲ್’ ಎಂದಿತು.

ಇದರ ಬಗ್ಗೆ ಸಭೆಯಲ್ಲಿ ಒಂದು ಮಾತೂ ಬರಲಿಲ್ಲ. ಹೆಂಡತಿಯರ ಮೇಲಿನ ನಗೆಹನಿಗಳು ಮಾತ್ರ ಧಾರಾಳವಾಗಿ ಬಂದವು. ಕಾನೂನನ್ನೇ ತೆಗೆದುಹಾಕಿ ಎಂಬ ಘೋಷಣೆ ಬೇರೆ! ರಾಜಿಗೆ ಅವಕಾಶ ಕೊಡಿ ಎಂದು ನಮ್ಮ ರಾಜ್ಯದವರೇ ಆದ ನ್ಯಾಯಮೂರ್ತಿ ವಿ.ಎಸ್. ಮಳಿಮಠ ಅವರ ಸಮಿತಿ 2003ರಲ್ಲಿ ಹೇಳಿತ್ತು, ಕಾನೂನು ಆಯೋಗ 2012ರಲ್ಲಿ ಹೇಳಿತ್ತು. 2024ರ ಜುಲೈನಲ್ಲಿ ಬಂದ ಹೊಸ ನ್ಯಾಯ ಸಂಹಿತೆ 498ಎ ಅನ್ನು 85 ಮತ್ತು 86 ಎಂದು ಬದಲಿಸಿತೇ ಹೊರತು ಈ ಬಾಗಿಲು ತೆರೆಯಲಿಲ್ಲ. ಅದು ತೆರೆದಿದ್ದರೆ ಆಕೆ ನ್ಯಾಯಾಲಯದಲ್ಲಿ ನೆನಪಿಲ್ಲವೆಂದು ಸುಳ್ಳು ಹೇಳಬೇಕಿರಲಿಲ್ಲ, ನಾವು ಆ ಸುಳ್ಳಿನಿಂದ ಬಿಡುಗಡೆಯಾಗಬೇಕಿರಲಿಲ್ಲ. ಸಂಘಟನೆಯವರು ಬೀದಿಗಿಳಿಯುವುದಾದರೆ ಇದಕ್ಕಾಗಿ ಇಳಿಯಲಿ, ಶನಿವಾರದ ಆ ಎರಡು ಗಂಟೆಗಾಗಿ ಇಳಿಯಲಿ.

ಮುಂದಿನ ಸಭೆಗೆ ಕರೆದರೆ ಬರುತ್ತೇನೆ. ಮೈಕು ಕೊಟ್ಟರೆ ಗೌರಿ ಹಬ್ಬದ ಆ ಊಟದ ವಿಷಯದಿಂದಲೇ ಶುರು ಮಾಡುತ್ತೇನೆ.

— ಒಬ್ಬ ಓದುಗ, ದಾವಣಗೆರೆ
(ಮನೆಯವರ ದೃಷ್ಟಿಯಿಂದ ಹೆಸರು ಪ್ರಕಟಿಸದಿರಲು ಕೋರಿಕೆ)